ಎಲ್ಲರ ಅಳತೆಯ ಮನುಷ್ಯ

ಪೊನ್ಸಿಯಾನೊ ಕಲಿಸಾಯಾ ನೋಡಲು ಹೇಗಿದ್ದ ಎಂದು ಕೇಳಿದರೆ ನಮ್ಮ ಗಣಿಯೂರು ಚಾಲ್ಯಪಾತಾದಲ್ಲಿ ಯಾರಿಗೂ ಸರಿಯಾಗಿ ಹೇಳಲು ಬರುವುದಿಲ್ಲ. ಎತ್ತರದವನಲ್ಲ, ಕುಳ್ಳ ಎನ್ನುವ ಹಾಗೂ ಇರಲಿಲ್ಲ. ಹೆಗಲು ಅಗಲವೂ ಅಲ್ಲ, ಕಿರಿದೂ ಅಲ್ಲ. ಗಣಿ ಕಂಪನಿಯ ಅಂಗಡಿಗೆ ಬಟ್ಟೆ ಬಂದಾಗ ಉಳಿದವರೆಲ್ಲ ಇದು ಬಿಗಿ, ಅದು ಸಡಿಲ ಎಂದು ಅಂಗಡಿಯವನ ತಲೆ ತಿನ್ನುತ್ತಿದ್ದರೆ ಇವನು ಕೈಗೆ ಸಿಕ್ಕಿದ್ದನ್ನು ಹಾಕಿಕೊಂಡು ಹೊರಟುಬಿಡುತ್ತಿದ್ದ. ಅದು ಹೇಳಿ ಹೊಲಿಸಿದ ಹಾಗೆ ಮೈಗೆ ಕೂರುತ್ತಿತ್ತು. ದೇವರು ಈ ಊರಿನ ಗಂಡಸರನ್ನು ಮಾಡಲು ಕೂತಾಗ ಅಳತೆಗೆಂದು ಮೊದಲು ಇವನನ್ನು ಮಾಡಿ ಪಕ್ಕದಲ್ಲಿಟ್ಟುಕೊಂಡಿರಬೇಕು ಎಂದು ನಾನು ತಮಾಷೆ ಮಾಡುತ್ತಿದ್ದೆ. ಈಗ ಮಾಡುವುದಿಲ್ಲ.

ನಾನು ಇಲ್ಲಿನವಳಲ್ಲ. ಪೀಚ್ ಹಣ್ಣು ಮನೆಯಂಗಳದಲ್ಲೇ ಉದುರುವ ಕೊಚಬಾಂಬಾ ಕಣಿವೆಯಿಂದ ಗಣಿ ಶಾಲೆಗೆ ರಸಾಯನಶಾಸ್ತ್ರ ಕಲಿಸಲು ಬಂದವಳು. ಒಂದು ವರ್ಷ ಹಲ್ಲು ಕಚ್ಚಿಕೊಂಡಿದ್ದು ವರ್ಗ ಮಾಡಿಸಿಕೊಳ್ಳೋಣ ಎಂದು ಬಂದವಳಿಗೆ ಇಲ್ಲೇ ತಲೆ ಬೆಳ್ಳಗಾಯಿತು. ಈ ಚಳಿಯನ್ನು, ತವರದ ಗಣಿಯ ಈ ಬೂದು ದೂಳನ್ನು ನಾನು ಇವತ್ತಿಗೂ ಬೈಯುತ್ತೇನೆ. ಬೈಯುತ್ತಲೇ ಇದ್ದುಬಿಟ್ಟೆ.

ಪೊನ್ಸಿಯಾನೊ ಹುಟ್ಟಿದಾಗಿನಿಂದ ಬೇರೆಯವರ ಬಟ್ಟೆಯಲ್ಲೇ ಬೆಳೆದವನು. ತಾಯಿ ಬಾಣಂತನದಲ್ಲಿ ಹೋದಳು, ತಂದೆ ಗಣಿಯವರ ಕೆಮ್ಮಿನಲ್ಲಿ ಹೋದ. ಚಿಕ್ಕಮ್ಮ ಸಾಕಿದಳು. ಅವಳ ಗಂಡುಮಕ್ಕಳಿಗೆ ಗಿಡ್ಡವಾದ ಅಂಗಿ, ಮೊಣಕಾಲು ಹರಿದ ಪ್ಯಾಂಟು ಇವನ ಪಾಲಿಗೆ ಬರುತ್ತಿದ್ದವು. ಮೀಸೆ ಮೂಡುವ ಹೊತ್ತಿಗೆ ನೆಲದಡಿಯ ಕೆಲಸಕ್ಕೆ ಸೇರಿದ. ಅದಿರಿನ ಬಂಡಿಯೊಂದು ಪಾದದ ಮೇಲೆ ಹರಿದು ಬೆರಳುಗಳು ಹೋದ ಮೇಲೆ ಅವನನ್ನು ಮೇಲಿನ ದೀಪದ ಕೋಣೆಗೆ ಹಾಕಿದರು. ಗಣಿಗೆ ಇಳಿಯುವವರಿಗೆ ತಲೆದೀಪ ಕೊಡುವುದು, ಹತ್ತಿ ಬಂದವರಿಂದ ವಾಪಸು ಇಸಿದುಕೊಳ್ಳುವುದು, ಬ್ಯಾಟರಿಗೆ ಆಸಿಡ್ ತುಂಬುವುದು ಅವನ ಕೆಲಸ. ಪಾಳಿ ಮುಗಿದ ಮೇಲೆ ದೀಪ ತೂಗುಹಾಕುವ ಯಾವುದಾದರೂ ಮೊಳೆ ಖಾಲಿ ಉಳಿದರೆ ಊರಿನಲ್ಲಿ ಯಾರ ಮನೆ ಹಾಳಾಯಿತು ಎಂಬುದು ಎಲ್ಲರಿಗಿಂತ ಮೊದಲು ಅವನಿಗೆ ಗೊತ್ತಾಗುತ್ತಿತ್ತು.

ನಮ್ಮಲ್ಲಿ ಗಂಡಸು ಸತ್ತರೆ ಮಣ್ಣು ಮಾಡಿದ ಎಂಟನೆಯ ದಿನ ಅವನನ್ನು ಕಳಿಸಿಕೊಡಬೇಕು. ಮಣ್ಣು ಮಾಡಿದ್ದು ಮೈಯನ್ನು ಮಾತ್ರ. ಅವನು ಇನ್ನೂ ಮನೆಯೊಳಗೇ ಸುಳಿದಾಡುತ್ತಿರುತ್ತಾನೆ. ಅವನದೇ ಅಳತೆಯ, ನೆಂಟನಲ್ಲದ ಒಬ್ಬನಿಗೆ ಅವನ ಬಟ್ಟೆ ತೊಡಿಸಿ ಊಟಕ್ಕೆ ಕೂರಿಸುತ್ತಾರೆ. ಆ ಹೊತ್ತಿಗೆ ಆ ಬಟ್ಟೆಯಲ್ಲಿ ಇರುವವನೇ ಸತ್ತವನು. ಇಷ್ಟವಾದದ್ದನ್ನು ಬಡಿಸಿ, ಹೇಳುವುದನ್ನೆಲ್ಲ ಹೇಳಿ, ಬೈಯುವುದಿದ್ದರೆ ಬೈದು, ಬಿಸಿಲು ಇರುವಾಗಲೇ ಪಡುವಣದ ದಾರಿಯಲ್ಲಿ ಕಳಿಸುತ್ತಾರೆ. ದಿಬ್ಬ ದಾಟಿದ ಮೇಲೆ ಅವನು ಆ ಬಟ್ಟೆ ಸುಟ್ಟು, ಅಲ್ಲಿ ಕಲ್ಲಿನಡಿ ಮೊದಲೇ ಇಟ್ಟುಬಂದ ತನ್ನ ಬಟ್ಟೆ ತೊಟ್ಟು, ಬೇರೆ ದಾರಿಯಿಂದ ಮನೆಗೆ ಬರುತ್ತಾನೆ. ಬಟ್ಟೆ ತೊಟ್ಟವನು ಉಣ್ಣಬಹುದು, ಕೇಳಿಸಿಕೊಳ್ಳಬಹುದು. ಮಾತು ಮಾತ್ರ ಕೊಡಬಾರದು. ಸತ್ತವನು ಕೊಟ್ಟ ಮಾತನ್ನು ನಡೆಸಿಕೊಡಲೇಬೇಕಾಗುತ್ತದೆ.

ಇಂಥ ಊರಿಗೆ ಪೊನ್ಸಿಯಾನೊ ಸಿಕ್ಕಿದ್ದ. ಯಾರ ಕೋಟಾದರೂ ಅವನಿಗೆ ಆಗುತ್ತಿತ್ತು. ಮೊದಲ ಸಲ ಹೋದಾಗ ಇನ್ನೂ ಮದುವೆಯಾಗಿರಲಿಲ್ಲವಂತೆ. ಆಮೇಲೆ ಎಷ್ಟು ಮನೆಗಳಿಗೆ ಹೋದನೋ ಲೆಕ್ಕವಿಟ್ಟವರಿಲ್ಲ. ನಾನು ಊರಿಗೆ ಬಂದ ಹೊಸದರಲ್ಲಿ ಪಕ್ಕದ ಮನೆಯ ಸತುರ್ನೀನಾಳ ಗಂಡ ತೀರಿಕೊಂಡಾಗ ಇದನ್ನು ಕಣ್ಣಾರೆ ನೋಡಿದೆ. ಅವಳು ಪೊನ್ಸಿಯಾನೊನ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಕುಡ್ಕೊಂಡು ಕುಡ್ಕೊಂಡು ಹೋದ್ಯಲ್ಲೋ ಪುಣ್ಯಾತ್ಮ! ಆ ಕಿಟಕಿ ಸರಿ ಮಾಡು, ಗಾಳಿ ನುಗ್ತಿದೆ ಅಂತ ಬಡ್ಕೊಂಡೆ. ಮಾಡಿದ್ಯಾ? ಈಗ ನಾನೊಬ್ಳೇ ಆ ಗಾಳೀಲಿ ಮಲಗ್ಬೇಕು. ಉಣ್ಣು, ತಲೆ ಬಗ್ಗಿಸ್ಕೊಂಡು ಕೂತ್ರೆ ಬಿಟ್ಬಿಡ್ತೀನಿ ಅನ್ಕೊಂಡ್ಯಾ?"

ಪೊನ್ಸಿಯಾನೊ ತಪ್ಪು ಮಾಡಿದ ಗಂಡನ ಮುಖ ಹೊತ್ತು ಉಣ್ಣುತ್ತಿದ್ದ. ಕೊನೆಗೆ ಅವಳು ಅವನ ಎದೆಗೆ ತಲೆಯಿಟ್ಟು ಅತ್ತಳು, ಅತ್ತು ಹಗುರಾದಳು. ಮಾರನೆಯ ದಿನ ಅವನೇ ಎದುರಿಗೆ ಬಂದರೆ ಏನೂ ಆಗದವಳ ಹಾಗೆ "ಚೆನ್ನಾಗಿದ್ದೀಯಾ ಪೊನ್ಸಿಯಾನೊ?" ಎಂದಳು. ಗಂಡಸರು ಅವನನ್ನು ರೇಗಿಸುತ್ತಿದ್ದರು. "ಏನಪ್ಪಾ, ನಿನ್ನೆ ಆ ಹೆಂಡ್ತಿ ಹತ್ರ ಬೈಸ್ಕೊಂಡೆ, ಇವತ್ತು ಈ ಹೆಂಡ್ತಿ ಹತ್ರ. ನಮಗೆ ಒಬ್ಳನ್ನೇ ತಡ್ಕೊಳ್ಳೋಕೆ ಆಗಲ್ಲ ಮಾರಾಯ!"

ಅವನ ಸ್ವಂತ ಹೆಂಡತಿ ನಿಕೊಲಾಸಾ. ಬೆಳಗಿನ ಪಾಳಿಯವರಿಗೆ ಗಣಿಯ ಗೇಟಿನ ಬಳಿ ಮೆಕ್ಕೆಜೋಳದ ಬಿಸಿಬಿಸಿ ಗಂಜಿಯಾದ ಆಪಿ ಕುಡಿಸಿ, ಎಣ್ಣೆಯಲ್ಲಿ ಕರಿದ ರೊಟ್ಟಿ ಮಾರುವವಳು. ಅವಳ ಬಾಯಿ ಅವಳ ಬಾಣಲೆಗಿಂತ ಬಿಸಿ ಎಂದು ಹೆಸರಾಗಿತ್ತು. ಅವರಿಗೆ ಮಕ್ಕಳಾಗಲಿಲ್ಲ. "ನಮ್ಮ ಯಜಮಾನ್ರು ಸತ್ತೋರ ಮನೇಲಿ ಎರಡು ತಟ್ಟೆ ಉಣ್ತಾರೆ. ನಮ್ಮನೇಲಿ ಸೂಪಿಗೆ ಉಪ್ಪಿಲ್ಲ ಅಂತ ಹೇಳೋಕೂ ಬಾಯಿ ಬಿಡಲ್ಲ," ಎಂದು ಗಿರಾಕಿಗಳ ಮುಂದೆ ಹೇಳಿಕೊಂಡು ನಗುತ್ತಿದ್ದಳು. ಅವಳ ನಗುವಿನ ಒಳಗೆ ದುಃಖವಿತ್ತು. ಮನೆಯಲ್ಲಿ ಪೊನ್ಸಿಯಾನೊ ಮಾತೇ ಆಡುತ್ತಿರಲಿಲ್ಲ. ಒಬ್ಬ ಸತ್ತವನಿಂದ ಇನ್ನೊಬ್ಬ ಸತ್ತವನವರೆಗೆ ಹೇಗೋ ದಿನ ದೂಡುವವನ ಹಾಗೆ ಇದ್ದ.

ಆ ವರ್ಷ ಈಸ್ಟರ್ ಕಳೆದ ಮೇಲೆ ರೆಮಿಹಿಯೊ ಸತ್ತ. ಇನ್ನೂ ಮದುವೆಯಾಗದ ಹುಡುಗ, ವಿಧವೆ ಇಲಾರಿಯಾಳ ಒಬ್ಬನೇ ಮಗ, ನನ್ನ ಹಳೆಯ ವಿದ್ಯಾರ್ಥಿ. ಸುರಂಗದ ಮಾಡು ಕುಸಿದು ಬಂಡೆ ಮೇಲೆ ಬಿತ್ತು. ತೆಗೆದವರು ಪೆಟ್ಟಿಗೆಗೆ ಮೊಳೆ ಹೊಡೆದೇ ಮನೆಗೆ ತಂದರು. ತಾಯಿಗೆ ಮುಖ ತೋರಿಸಲಿಲ್ಲ, ತೋರಿಸುವ ಹಾಗಿರಲಿಲ್ಲ. ಅವಳು ಅಳಲಿಲ್ಲ. ಮಣ್ಣು ಹಾಕುವಾಗಲೂ ಪೆಟ್ಟಿಗೆಯೊಳಗೆ ಇರುವವನು ತನಗೆ ಪರಿಚಯವಿಲ್ಲ ಎನ್ನುವ ಹಾಗೆ ನಿಂತಿದ್ದಳು.

ಎಂಟನೆಯ ದಿನ ಪೊನ್ಸಿಯಾನೊ ರೆಮಿಹಿಯೊನ ಕಂದು ಕೋಟು, ತಾಯಿ ಹೆಣೆದ ನೀಲಿ ಸ್ವೆಟರು, ಕಿವಿ ಮುಚ್ಚುವ ಉಣ್ಣೆ ಟೋಪಿ ತೊಟ್ಟು ಆ ಮನೆಯಲ್ಲಿ ಕೂತ. ವಯಸ್ಸಿನಲ್ಲಿ ಹುಡುಗನಿಗೆ ತಂದೆಯಾಗುವಂಥವನು, ಆದರೆ ಹಿಂದಿನಿಂದ ನೋಡಿದ ನಾನೇ ಒಂದು ಕ್ಷಣ ಹುಡುಗನೆಂದುಕೊಂಡೆ. ಇಲಾರಿಯಾ ಚೈರೊ ಬಡಿಸಿದಳು. ಒಣಗಿಸಿದ ಆಲೂಗಡ್ಡೆ, ಒಣ ಕುರಿಮಾಂಸ ಹಾಕಿದ ಗಟ್ಟಿ ಸೂಪು, ಹುಡುಗನಿಗೆ ಪ್ರಾಣ. ಅವಳು ಬೈಯಲಿಲ್ಲ, ಗೋಳಾಡಲಿಲ್ಲ. ಎದುರಿಗೆ ಕೂತು ಅವನ ಕೈಯನ್ನೇ ನೋಡುತ್ತಿದ್ದಳು.

"ಮುಖ ತೋರ್ಸಲಿಲ್ಲ ಮಗಾ ಇವ್ರು ನಂಗೆ," ಎಂದಳು. "ನೀನು ಹೋಗಿದ್ದೀಯ ಅಂತಾರೆ. ನೋಡ್ದೇ ಹೆಂಗೆ ನಂಬ್ಲಿ?" ಆಮೇಲೆ ಮೆಲ್ಲಗೆ ಕೇಳಿದಳು, "ಭಾನುವಾರ ಬರ್ತೀಯಾ? ಚೈರೊ ಮಾಡಿಟ್ಟಿರ್ತೀನಿ. ಬಾ."

"ಹ್ಞೂಂ. ಬರ್ತೀನಿ," ಎಂದ ಪೊನ್ಸಿಯಾನೊ.

ಮೂಲೆಯಲ್ಲಿ ಕೋಕಾ ಎಲೆ ಅಗಿಯುತ್ತಿದ್ದ ದೊನ್ ಲಿಯೋನ್ಸಿಯೊನ ದವಡೆ ನಿಂತಿತು. ಈ ಶಾಸ್ತ್ರಗಳನ್ನೆಲ್ಲ ನಡೆಸಿಕೊಡುವ ಹಿರಿಯ ಅವನು. ಸಂಜೆ ಪೊನ್ಸಿಯಾನೊ ದಿಬ್ಬದಾಚೆಗೆ ಹೊರಟಾಗ ಅವನ ಹಿಂದೆಯೇ ಹೋಗಿ ತರಾಟೆಗೆ ತೆಗೆದುಕೊಂಡನಂತೆ. ಮರುದಿನ ಪೊನ್ಸಿಯಾನೊನೇ ನನಗೆ ಹೇಳಿದ.

"'ಏನಾಗಿತ್ತೋ ನಿಂಗೆ, ಇಷ್ಟು ವರ್ಷ ಬಾಯಿ ಮುಚ್ಕೊಂಡಿದ್ದವನಿಗೆ?' ಅಂದ್ರು ತಾತ. ನಾನೇನು ಹೇಳ್ಲಿ ಟೀಚರಮ್ಮ? ಇಷ್ಟು ಮನೆಗೆ ಹೋಗಿದ್ದೀನಿ. ಎಲ್ರೂ ಕಣ್ಣೀರು ಹಾಕ್ಕೊಂಡು ಹೋಗು ಹೋಗು ಅಂತ್ಲೇ ಅಂದಿದ್ದು. ಬಾ ಅಂದಿದ್ದು ಆಯಮ್ಮ ಒಬ್ಳೇ. ಬಾಯಿಗೆ ಬಂದ್ಬಿಡ್ತು."

"ಈಗೇನಂತೆ?"

"ಮಾತು ಕೊಟ್ಟಿದ್ದು ನಾನಲ್ವಂತೆ, ಅವನಂತೆ. ಆಯಮ್ಮನೇ ಬಾಯ್ಬಿಟ್ಟು ಹೋಗು ಅನ್ನೋವರ್ಗೂ ಬರ್ತಾನೇ ಇರ್ಬೇಕು. ಬಟ್ಟೆ ಸುಡೋ ಹಾಗಿಲ್ಲ."

ಹೀಗೆ ಶುರುವಾಯಿತು. ಭಾನುವಾರ ಮಧ್ಯಾಹ್ನ ಅವನು ದಿಬ್ಬದಾಚೆ ಬಟ್ಟೆ ಬದಲಿಸಿ ಪಡುವಣದ ದಾರಿಯಲ್ಲಿ ಇಳಿದು ಬರುತ್ತಿದ್ದ. ಆ ದಾರಿಯಲ್ಲಿ ಹೋದವರುಂಟೇ ಹೊರತು ಯಾರೂ ಬಂದದ್ದಿಲ್ಲ. ಆ ಹೊತ್ತಿಗೆ ಹೆಂಗಸರು ಮಕ್ಕಳನ್ನು ಒಳಗೆ ಎಳೆದುಕೊಂಡು ಬಾಗಿಲು ಹಾಕುತ್ತಿದ್ದರು. ನಾನು ಓದಿದವಳು, ಇಂಥದ್ದನ್ನೆಲ್ಲ ನಂಬದವಳು. ಆದರೂ ಕಿಟಕಿಯ ಪರದೆ ಎಳೆದುಕೊಂಡೇ ನೋಡುತ್ತಿದ್ದೆ.

ಮೊದಮೊದಲು ಉಂಡು ಎದ್ದು ಬರುತ್ತಿದ್ದ. ಆಮೇಲೆ ಇಲಾರಿಯಾಳ ತಗಡಿನ ಮಾಡು ಸರಿಮಾಡಿದ, ನೀರು ಹೊತ್ತು ಹಾಕಿದ. ಇಲ್ಲಿನ ಜೂನ್-ಜುಲೈ ಚಳಿಗಾಲ ಬಲಿಯುವ ಹೊತ್ತಿಗೆ ಒಲೆಯ ಪಕ್ಕದಲ್ಲಿ ಅವರಿಬ್ಬರು ಕೂತು ಹರಟುವುದು ರಸ್ತೆಗೆ ಕೇಳುತ್ತಿತ್ತು. ಮನೆಯಲ್ಲಿ ತುಟಿ ಬಿಚ್ಚದವನು ಅಲ್ಲಿ ಗಣಿಯ ಕಥೆ ಹೇಳುತ್ತಿದ್ದ, ನಗುತ್ತಿದ್ದ, ಅಮ್ಮಾ ಎನ್ನುತ್ತಿದ್ದ. ಅಮ್ಮಾ ಎಂದು ಕರೆಯುವುದು ಅವನಿಗೆ ಹುಟ್ಟಿನಿಂದ ಸಿಕ್ಕಿರಲಿಲ್ಲ. ಅದನ್ನು ನೆನೆದರೆ ನನಗೆ ಅವನ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗುವುದಿಲ್ಲ.

ಆ ದಿನಗಳಲ್ಲೇ ಒಮ್ಮೆ ಶಾಲೆಯ ಪ್ರಯೋಗಶಾಲೆಗೆ ಆಸಿಡ್ ತಂದುಕೊಟ್ಟ. ದೀಪದ ಕೋಣೆಯಲ್ಲಿ ಮಿಕ್ಕದ್ದನ್ನು ನಾನು ಕಾಡಿ ಬೇಡಿ ಇಸಿದುಕೊಳ್ಳುತ್ತಿದ್ದೆ. ಮೇಜಿನ ಮೇಲೆ ಗಾಜಿನ ಲೋಟದಲ್ಲಿ ನೂಲಿಗೆ ಕಟ್ಟಿದ ಒಂದು ಹರಳು ತೂಗುತ್ತಿತ್ತು. ಅವನು ಬಗ್ಗಿ ನೋಡಿದ.

"ಇದೇನು ಟೀಚರಮ್ಮ, ಒಳಗೆ ನೇರಳೆ, ಸುತ್ತ ಬಿಳಿ?"

"ಪಟಿಕ. ಒಳಗಡೆ ಇರೋದು ಒಂದು ಜಾತಿ ಪಟಿಕ, ಅದರಲ್ಲಿ ಕ್ರೋಮಿಯಂ ಇರುತ್ತೆ. ಅದನ್ನ ತಗೊಂಡು ಮಾಮೂಲಿ ಬಿಳಿ ಪಟಿಕದ ನೀರಲ್ಲಿ ಇಳಿಬಿಟ್ಟಿದ್ದೀನಿ. ಬಿಳಿದು ಅದರ ಮೇಲೆ ಬೆಳೀತಿದೆ."

"ಬೇರೆ ಬೇರೆ ವಸ್ತು ಅಂತೀರ. ಮತ್ತೆ ಅಂಚೆಲ್ಲ ಒಂದಕ್ಕೊಂದು ಕೂತಿದೆಯಲ್ಲ?"

"ಅದೇ ಪಾಠ. ವಸ್ತು ಬೇರೆ, ಕಟ್ಟಡ ಒಂದೇ. ಅದಕ್ಕೂ ಎಂಟು ಮುಖ, ಇದಕ್ಕೂ ಎಂಟು ಮುಖ. ಒಂದರ ಜಾಗದಲ್ಲಿ ಇನ್ನೊಂದು ಬಂದು ಕೂತ್ರೆ ಹರಳಿಗೆ ಏನೂ ವ್ಯತ್ಯಾಸ ಗೊತ್ತಾಗಲ್ಲ, ಅದರ ಪಾಡಿಗೆ ಅದು ಬೆಳ್ಕೊಂಡು ಹೋಗುತ್ತೆ. ಇದಕ್ಕೆ ಸಮರೂಪತೆ ಅಂತ ಹೆಸರು. ಹುಡುಗ್ರು ಬಾಯಿಪಾಠ ಮಾಡಿ ಒಪ್ಪಿಸ್ತಾರೆ, ಪರೀಕ್ಷೆ ಮುಗಿದ ತಕ್ಷಣ ಮರೀತಾರೆ."

"ಹರಳಿಗೆ ಗೊತ್ತಾಗಲ್ಲ," ಎಂದು ಅವನು ನಿಧಾನವಾಗಿ ಹೇಳಿದ. "ಮನುಷ್ಯರಿಗೆ?"

"ಅದು ನನ್ನ ಸಿಲೆಬಸ್‌ನಲ್ಲಿ ಇಲ್ಲ ಪೊನ್ಸಿಯಾನೊ."

ಅವನು ನಗಲಿಲ್ಲ. "ಒಳಗಿರೋ ನೇರಳೆದು ಏನಾಗುತ್ತೆ? ಕರಗಿಹೋಗುತ್ತಾ?"

"ಸುತ್ತ ಮುಚ್ಚಿಕೊಂಡ ಮೇಲೆ ಎಲ್ಲಿ ಕರಗುತ್ತೆ? ಹಾಗೇ ಇರುತ್ತೆ. ಕರಗೋದೂ ಇಲ್ಲ, ಬೆಳೆಯೋದೂ ಇಲ್ಲ."

ಅವನು ಬಹಳ ಹೊತ್ತು ಆ ಲೋಟದ ಮುಂದೆ ನಿಂತಿದ್ದ. ಹೊರಡುವಾಗ ಆಸಿಡ್ ತಂದ ಖಾಲಿ ಡಬ್ಬಿಯನ್ನು ಮರೆತೇ ಹೋದ. ನಾನು ಬೇರೆ ಯಾವ ಉದಾಹರಣೆ ಕೊಡಬಹುದಿತ್ತು ಎಂದು ಆಮೇಲೆ ಯೋಚಿಸಿದ್ದೇನೆ. ವಿಜ್ಞಾನ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತದೆ, ಕೇಳುವವನು ಯಾವ ಕಷ್ಟದಲ್ಲಿದ್ದಾನೆ ಎಂದು ನೋಡುವುದಿಲ್ಲ.

ನಿಕೊಲಾಸಾ ತಡೆದುಕೊಂಡಷ್ಟು ದಿನ ತಡೆದುಕೊಂಡಳು. ಒಂದು ಬೆಳಿಗ್ಗೆ ಬಾಣಲೆಯನ್ನು ಹಾಗೇ ಬಿಟ್ಟು ಇಲಾರಿಯಾಳ ಬಾಗಿಲಿಗೆ ಹೋದಳು. ಬೀದಿಯವರೆಲ್ಲ ಹೊರಗೆ ಬಂದರು, ನಾನೂ ಬಂದೆ.

"ಅಕ್ಕಾ, ನಿನ್ನ ಮಗನ್ನ ಕಳ್ಸು," ಎಂದಳು ನಿಕೊಲಾಸಾ. "ನನ್ನ ಗಂಡ ಮನೆಗೆ ಬರ್ಲಿ."

"ನಿನ್ನ ಗಂಡ ನಿನ್ನ ಮನೇಲೇ ಇದ್ದಾನಲ್ಲ ತಾಯಿ. ವಾರದಲ್ಲಿ ಒಂದೇ ಒಂದು ದಿನ..."

"ವಾರಪೂರ್ತಿ ಆ ಒಂದು ದಿನಕ್ಕೇ ಕಾಯ್ತಾನೆ! ನನ್ನ ಹತ್ರ ಇರೋದು ಅವನ ಪ್ಯಾಂಟು, ಅಂಗಿ. ನೀನು ಬರೀ ಬಟ್ಟೆ ಇಟ್ಕೊಂಡಿದ್ದೀಯ ಅನ್ಕೊಂಡೆ. ಮನುಷ್ಯನ್ನೇ ಇಟ್ಕೊಂಡಿದ್ದೀಯಲ್ಲ!"

ಇಲಾರಿಯಾ ಬಾಗಿಲಿನ ಚೌಕಟ್ಟನ್ನು ಹಿಡಿದುಕೊಂಡಳು. "ಇನ್ನೊಂದು ವಾರ ಬಿಡು ತಾಯಿ. ಇನ್ನೊಂದೇ ವಾರ."

ಆ ಇನ್ನೊಂದು ವಾರ ಮುಗಿಯಲೇ ಇಲ್ಲ. ದೊನ್ ಲಿಯೋನ್ಸಿಯೊ ಹೋಗಿ ಬುದ್ಧಿ ಹೇಳಿದ. ಕಳಿಸದೆ ಇಟ್ಟುಕೊಂಡರೆ ಹುಡುಗ ಅಲ್ಲಿಗೂ ಸೇರುವುದಿಲ್ಲ, ಇಲ್ಲಿಗೂ ಸೇರುವುದಿಲ್ಲ, ಅವನ ಬಟ್ಟೆ ತೊಟ್ಟವನದೂ ಅದೇ ಗತಿ ಎಂದ. ಪಾದ್ರಿ ಬಂದು ತನ್ನ ರೀತಿಯಲ್ಲಿ ಹೇಳಿದ. ಅವಳು ಇಬ್ಬರಿಗೂ ಸೂಪು ಕೊಟ್ಟು ಕಳಿಸಿದಳು. ಹೋಗು ಎಂಬ ಒಂದು ಮಾತನ್ನು ಅವಳ ಬಾಯಿಂದ ಹೊರಡಿಸಲು ಯಾರಿಂದಲೂ ಆಗಲಿಲ್ಲ. ಪೊನ್ಸಿಯಾನೊ ಮಾತ್ರ ಮಂಕಾಗುತ್ತ ಬಂದ. ದೀಪದ ಕೋಣೆಯಲ್ಲಿ ಯಾರಾದರೂ ಹೆಸರು ಹಿಡಿದು ಕರೆದರೆ ತನಗಲ್ಲ ಎನ್ನುವ ಹಾಗೆ ಇರುತ್ತಿದ್ದ, ಎರಡನೆಯ ಸಲ ಕೂಗಬೇಕಾಗುತ್ತಿತ್ತು.

ನವೆಂಬರಿನಲ್ಲಿ ಸತ್ತವರ ಹಬ್ಬ ಬಂತು, ಸತ್ತವರ ಆತ್ಮ ಒಂದು ದಿನ ಉಣ್ಣಲು ಬಂದುಹೋಗುತ್ತದೆ ಎನ್ನುವ ಹಬ್ಬ. ಆ ವರ್ಷ ಸತ್ತವರಿರುವ ಮನೆಯಲ್ಲಿ ಅವರ ರೂಪದ ರೊಟ್ಟಿ ಗೊಂಬೆ ಮಾಡಿ, ಸಂತೆಯಿಂದ ತಂದ ಬಣ್ಣದ ಗಚ್ಚಿನ ಮುಖವನ್ನು ಅದಕ್ಕೆ ಒತ್ತಿ, ಬೇಯಿಸಿ ಮೇಜಿನ ಮೇಲೆ ಇಡಬೇಕು. ಅದನ್ನು ಬಿಟ್ಟವರನ್ನು ನಾನು ಕಂಡಿಲ್ಲ. ಇಲಾರಿಯಾ ಒಲೆ ಹಚ್ಚಲಿಲ್ಲ. "ಬರ್ತಾ ಹೋಗ್ತಾ ಇರೋ ಮಗನಿಗೆ ಯಾರಾದ್ರೂ ರೊಟ್ಟಿ ಗೊಂಬೆ ಮಾಡ್ತಾರಾ?" ಎಂದಳು. ಕೇಳಿದವರು ಶಿಲುಬೆಯ ಗುರುತು ಮಾಡಿಕೊಂಡು ಸರಿದುಹೋದರು.

ಮಾಡಿದವಳು ನಿಕೊಲಾಸಾ. ಸಂತೆಯಲ್ಲಿ ಗಚ್ಚಿನ ಮುಖಗಳ ರಾಶಿಯ ಮುಂದೆ ಕೂತು ಹುಡುಗನ ಮುಖವೊಂದನ್ನು ಆರಿಸಿದ್ದನ್ನು ನಾನೇ ನೋಡಿದೆ. ತನ್ನ ಹಿಟ್ಟು, ತನ್ನ ಮೊಟ್ಟೆ, ತನ್ನ ಒಲೆಯಲ್ಲಿ ಕೂಸಿನಷ್ಟು ದೊಡ್ಡ ಗೊಂಬೆ ಬೇಯಿಸಿದಳು. ಬಿಳಿ ಬಟ್ಟೆಯಲ್ಲಿ ಸುತ್ತಿ ಎದೆಗೆ ಅವುಚಿಕೊಂಡು ಹೊರಟವಳು ನನ್ನನ್ನೂ ಕರೆದಳು. "ನೀವೂ ಬನ್ನಿ ಟೀಚರಮ್ಮ. ನಾನೊಬ್ಳೇ ಹೋದ್ರೆ ಜಗಳ ಆಡಿಬಿಡ್ತೀನಿ."

ಜಗಳವಾಗಲಿಲ್ಲ. ಅವಳು ಮೂಟೆಯನ್ನು ಇಲಾರಿಯಾಳ ತೊಡೆಯ ಮೇಲಿಟ್ಟು ಬಟ್ಟೆ ಬಿಡಿಸಿದಳು. "ನೀನು ಮಾಡ್ಲಿಲ್ಲ ಅಕ್ಕಾ. ಹುಡುಗ ಹಸ್ಕೊಂಡು ಬಂದು ಹಸ್ಕೊಂಡೇ ಹೋಗೋದು ಬೇಡ ಅಂತ ನಾನು ಮಾಡ್ದೆ," ಎಂದಳು.

ರೊಟ್ಟಿ ಇನ್ನೂ ಬೆಚ್ಚಗಿತ್ತು. ಇಲಾರಿಯಾ ಅದರ ಮುಖದ ಮೇಲೆ ಹೆಬ್ಬೆರಳು ಆಡಿಸಿದಳು. ಹುಬ್ಬು ಮುಟ್ಟಿದಳು, ಕೆನ್ನೆ ಮುಟ್ಟಿದಳು.

"ಹಣೆ ಚಿಕ್ಕದಾಯ್ತು," ಎಂದಳು. "ಅವನದು ಅಗಲ. ಅವರಪ್ಪನ ಹಣೆ." ತಲೆಯೆತ್ತಿ ನಿಕೊಲಾಸಾಳನ್ನು ನೋಡಿದಳು. "ನಿನ್ನ ಗಂಡಂದೂ ಚಿಕ್ಕದೇ. ಮೊದಲನೇ ದಿನಾನೇ ನೋಡಿದ್ದೆ ತಾಯಿ. ನಂಗೇನು ಹುಚ್ಚು ಹಿಡಿದಿಲ್ಲ. ಅವನಲ್ಲ ಅಂತ ಗೊತ್ತಿದ್ರೂ ತಟ್ಟೆ ಇಡೋಕೆ ಒಬ್ರು ಬೇಕಾಗಿತ್ತು."

ಆಮೇಲೆ ಅವಳು ಅತ್ತಳು. ಆರು ತಿಂಗಳಿಂದ ಬಾರದ ಅಳು ಒಟ್ಟಿಗೇ ಬಂತು. ಗೊಂಬೆಯನ್ನು ಅಪ್ಪಿಕೊಂಡು ಮಗನ ಹೆಸರು ಹಿಡಿದು ಕೂಗಿ ಕೂಗಿ ಅತ್ತಳು. ನಿಕೊಲಾಸಾ ಅವಳ ಬೆನ್ನು ಸವರುತ್ತ ತಾನೂ ಅಳುತ್ತಿದ್ದಳು. ಕಲ್ಲುಮನಸ್ಸಿನವಳೆಂದು ಹೆಸರಾದ ನನ್ನ ಕಣ್ಣೂ ಒಣಗಿರಲಿಲ್ಲ. ಹೊರಡುವಾಗ ಇಲಾರಿಯಾ ಮೂಗು ಒರೆಸಿಕೊಂಡು ಹೇಳಿದಳು, "ಈ ಭಾನುವಾರ ಕಳಿಸ್ತೀನಿ. ನಿನ್ನ ಕೈ ರೊಟ್ಟಿ ಮೇಲಾಣೆ."

ಆ ವಾರ ನಿಕೊಲಾಸಾಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮನೆಗೆ ಸುಣ್ಣ ಬಳಿದಳು. ಕಂಪನಿಯ ಅಂಗಡಿಯಿಂದ ಗಂಡನಿಗೆ ಹೊಸ ಅಂಗಿ ತಂದಳು. "ಇನ್ಮೇಲೆ ಭಾನುವಾರ ಮನೇಲೇ ಊಟ. ಬಾಯಿ ಬಿಡದೇ ಇದ್ರೆ ಸೌಟಲ್ಲಿ ಹೊಡೆದು ಬಿಡಿಸ್ತೀನಿ," ಎಂದು ಗೇಟಿನ ಬಳಿ ಗಿರಾಕಿಗಳಿಗೆಲ್ಲ ಸಾರಿದಳು. ಅವಳ ಸಂತೋಷ ನೋಡಿ ನನಗೂ ಸಮಾಧಾನವಾಗಿತ್ತು. ಪೊನ್ಸಿಯಾನೊನನ್ನು ಮಾತಾಡಿಸಿದೆ. "ಒಳ್ಳೇದಾಯ್ತು ಟೀಚರಮ್ಮ," ಎಂದ. ಅಷ್ಟೇ. ಭಾನುವಾರ ಆ ಹೊಸ ಅಂಗಿಯನ್ನೇ ತೊಟ್ಟು ದಿಬ್ಬಕ್ಕೆ ಹೋದ, ಅದನ್ನು ಬಿಚ್ಚಿ ಕಲ್ಲಿನಡಿ ಇಟ್ಟು ರೆಮಿಹಿಯೊನ ಬಟ್ಟೆಯಲ್ಲಿ ಇಳಿದು ಬಂದ.

ಇಲಾರಿಯಾಳ ಮನೆಯ ಮುಂದೆ ಊರೆಲ್ಲ ಸೇರಿತ್ತು. ಊಟವಾಯಿತು. ಇಲಾರಿಯಾ ಅವನನ್ನು ಬಾಗಿಲ ಹೊರಗೆ ಕರೆತಂದು ಎರಡು ಕೈಯಲ್ಲಿ ಮುಖ ಹಿಡಿದುಕೊಂಡಳು.

"ಹೋಗು ಮಗಾ," ಎಂದಳು. "ಇನ್ನು ನಿಂಗೆ ಅಂತ ಕಾಯಲ್ಲ. ತಟ್ಟೆ ಇಡಲ್ಲ. ಈ ಮನೆ ನಿಂದಲ್ಲ ಈಗ, ಈ ಊರು ನಿಂದಲ್ಲ. ಹಿಂದಕ್ಕೆ ತಿರುಗಿ ನೋಡ್ಬೇಡ. ಇಲ್ಲಿ ನಿಂಗೋಸ್ಕರ ಯಾರೂ ಇಲ್ಲ. ಹೋಗು."

ಕಳಿಸುವ ಮಾತು ಅದೇ, ಎಲ್ಲ ಮನೆಯಲ್ಲೂ ಅದನ್ನೇ ಹೇಳುತ್ತಾರೆ. ಪೊನ್ಸಿಯಾನೊ ಅದನ್ನು ಎಷ್ಟೋ ಸಲ ಕೇಳಿ, ಹೋಗಿ, ಬೇರೆ ದಾರಿಯಿಂದ ಮನೆಗೆ ಬಂದವನು. ಈ ಸಲ ಅವನ ಕಣ್ಣಿಂದ ನೀರು ಇಳಿಯುತ್ತಿತ್ತು. ಬಟ್ಟೆ ತೊಟ್ಟವನು ಅಳುವುದನ್ನು ಅದಕ್ಕೆ ಮೊದಲು ಯಾರೂ ನೋಡಿರಲಿಲ್ಲ. ಅವನು ತಲೆಯಾಡಿಸಿ ತಿರುಗಿ ನಡೆದ. ಗಾಳಿ ಕಂದು ಕೋಟಿನ ಅಂಚನ್ನು ಎಳೆಯುತ್ತಿತ್ತು. ದಿಬ್ಬದ ಮೇಲೆ ಒಂದು ಗಳಿಗೆ ಕಂಡ, ಆಮೇಲೆ ಕಾಣಲಿಲ್ಲ.

ಅವನು ಹಿಂದಿರುಗುವ ದಾರಿಯ ತಿರುವಿನಲ್ಲಿ, ನಲ್ಲಿಯ ಪಕ್ಕ ನಿಕೊಲಾಸಾ ನಿಂತಿದ್ದಳು. ಆಪಿ ತುಂಬಿದ ಪಾತ್ರೆಯನ್ನು ಆರದಿರಲೆಂದು ಶಾಲಿನೊಳಗೆ ಅವುಚಿಕೊಂಡಿದ್ದಳು. ಬಿಸಿಲು ಹೋಯಿತು. ದಿಬ್ಬದಾಚೆಯಿಂದ ಹೊಗೆ ಏಳಲಿಲ್ಲ. ಕೊನೆಗೆ ಪಾಳಿ ಮುಗಿಸಿ ಬಂದವರು ಅದೇ ತಲೆದೀಪ ಹಚ್ಚಿಕೊಂಡು ಹತ್ತಿ ಹೋದರು. ಕಲ್ಲಿನಡಿ ಹೊಸ ಅಂಗಿ, ಪ್ಯಾಂಟು, ಅವನ ಟೋಪಿ ಮಡಿಸಿಟ್ಟ ಹಾಗೇ ಇದ್ದವು. ಬೂದಿ ಎಲ್ಲೂ ಇರಲಿಲ್ಲ.

ಹಳೆಯ ಸುರಂಗಗಳಲ್ಲಿ ಹುಡುಕಿದರು, ಕೊರಕಲುಗಳಲ್ಲಿ ಹುಡುಕಿದರು. ಒರುರೊ ಕಡೆಯ ಲಾರಿಯವನೊಬ್ಬ ಕಂದು ಕೋಟು ತೊಟ್ಟವನೊಬ್ಬನನ್ನು ಉಪ್ಪಿನ ಬಯಲಿನ ದಾರಿಯಲ್ಲಿ ಇಳಿಸಿದ್ದಾಗಿ ಹೇಳಿದ. ಎಂಥವನು ಎಂದು ಕೇಳಿದರೆ, "ಒಬ್ಬ ಹುಡುಗ," ಎಂದ. ಎಷ್ಟು ತಿರುಗಿಸಿ ಕೇಳಿದರೂ ಹುಡುಗ ಎಂದೇ ಹೇಳಿದ.

ಬುದ್ಧಿಯ ಸ್ತಿಮಿತ ತಪ್ಪಿತ್ತು ಎಂದರು ಕೆಲವರು, ಸತ್ತವನೇ ಎಳೆದುಕೊಂಡು ಹೋದ ಎಂದರು ಕೆಲವರು. ನನಗೆ ಎರಡನ್ನೂ ಒಪ್ಪಲು ಆಗುವುದಿಲ್ಲ. ನನಗೆ ಸಿಟ್ಟು ಬರುವುದು ನಮ್ಮೆಲ್ಲರ ಮೇಲೆ. ಊರಿನ ದುಃಖಕ್ಕೆಲ್ಲ ಅವನ ಮೈಯನ್ನು ಬಾಡಿಗೆಯಿಲ್ಲದೆ ಬಳಸಿಕೊಂಡೆವು. ಅದರೊಳಗೆ ಒಬ್ಬನಿದ್ದಾನೆ, ಅವನಿಗೂ ಯಾರಾದರೂ ಬಾ ಅನ್ನಬೇಕು ಎಂದು ಒಬ್ಬರಿಗೂ ಹೊಳೆಯಲಿಲ್ಲ. ಹೊಳೆದದ್ದು ನಿಕೊಲಾಸಾಗೆ, ಅದೂ ತಡವಾಗಿ.

ಮರುವರ್ಷ ಚಳಿಗಾಲ ಮತ್ತೆ ಬಂದಾಗ ದೊನ್ ಲಿಯೋನ್ಸಿಯೊ ಹಿರಿಯರನ್ನು, ಜೊತೆಗೆ ನನ್ನನ್ನೂ ಕರೆದುಕೊಂಡು ನಿಕೊಲಾಸಾಳ ಮನೆಗೆ ಹೋದ. ಇಲಾರಿಯಾ ಅಲ್ಲೇ ಇದ್ದಳು. ಅವಳು ದಿನಾ ಸಂಜೆ ಅಲ್ಲಿಗೇ ಬಂದು ಕೂರುತ್ತಿದ್ದಳು. ಮೇಜಿನ ಮೇಲೆ ಎರಡು ತಟ್ಟೆಗಳ ಜೊತೆಗೆ ಮೂರನೆಯದೊಂದು ಇತ್ತು, ಅದರಲ್ಲಿ ಸೂಪು ಆರುತ್ತಿತ್ತು.

"ನಿಕೊಲಾಸಾ, ಎಷ್ಟು ದಿನ ಅಂತ ಹೀಗೆ?" ಎಂದ ಹಿರಿಯ, ಆದಷ್ಟು ಮೆತ್ತಗೆ. "ಅವನ ಬಟ್ಟೆ ಇದೆ. ಯಾರಿಗಾದ್ರೂ ತೊಡಿಸಿ ಕಳಿಸಿಕೊಟ್ಬಿಡೋಣ. ಅಂದು ಅವನು ದಿಬ್ಬ ದಾಟಿದ್ದನ್ನ ಊರೆಲ್ಲ ನೋಡಿದೆಯಲ್ಲ ತಾಯಿ."

ನಿಕೊಲಾಸಾ ಮಡಿಸಿಟ್ಟ ಅಂಗಿಯನ್ನು ತೊಡೆಯ ಮೇಲೆ ಎಳೆದುಕೊಂಡಳು. ಆ ಬಿಸಿ ಬಾಯಿಯಲ್ಲಿ ಅಷ್ಟು ತಣ್ಣನೆಯ ಮಾತನ್ನು ನಾನು ಕೇಳಿರಲಿಲ್ಲ.

"ಅಂದು ನೀವೆಲ್ಲ ಸೇರಿ ಕಳಿಸಿದ್ದು ಇವಳ ಮಗನ್ನ ತಾತ. ನನ್ನ ಗಂಡನ್ನ ನಾನಿನ್ನೂ ಕಳಿಸಿಲ್ಲ."